ಗಂಡ ಹೆಂಡತಿ ಮಧ್ಯೆ ದುಡ್ಡಿನ ಮಾತು ಶುರುಮಾಡುವುದು ಹೇಗೆ?

ತಿಪಟೂರು ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಯಾವ ಫಂಡ್ ಒಳ್ಳೆಯದು, ಎಲ್ಲಿ ಬಡ್ಡಿ ಜಾಸ್ತಿ ಅಂತ ಕೇಳಲು ಬಂದಿಲ್ಲ. ನನ್ನ ಕಷ್ಟ ಬೇರೆ.

ನಾವಿಬ್ಬರೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇವೆ. ನಾನು ಲ್ಯಾಬ್‌ನಲ್ಲಿ, ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ. ಮಗಳನ್ನು ಮುಂದಿನ ವರ್ಷ ಶಾಲೆಗೆ ಸೇರಿಸಬೇಕು. ನಮ್ಮಿಬ್ಬರ ಮಧ್ಯೆ ಮಾತಿಗೆ ಬರ ಇಲ್ಲ. ಅತ್ತೆಯ ಆರೋಗ್ಯ, ಕೆಲಸದ ಕಿರಿಕಿರಿ, ಮೊದಲನೇ ಬಸುರು ನಿಲ್ಲದೆ ಹೋದಾಗಿನ ದುಃಖ, ಎಲ್ಲ ಮಾತಾಡಿದ್ದೇವೆ. ದುಡ್ಡಿನ ವಿಷಯ ಬಂದರೆ ಮಾತ್ರ ಅವರು ಎದ್ದು ಹೋಗುತ್ತಾರೆ.

ಅವರ ಸಂಬಳ ನನಗೆ ಅಂದಾಜು ಮಾತ್ರ ಗೊತ್ತು. ಬಾಡಿಗೆ, ಕರೆಂಟು ಅವರದು. ದಿನಸಿ, ಹಾಲು, ಮಗುವಿನ ಖರ್ಚು ನನ್ನದು. ಹೀಗೆ ಅಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ತಾನಾಗಿ ಆಗಿಹೋಯಿತು. ಮೊನ್ನೆ ಅವರ ಫೋನ್ ಮಗಳ ಕೈಯಲ್ಲಿದ್ದಾಗ ಒಂದು ಇಎಂಐ ಮೆಸೇಜ್ ಬಂತು. ತಂಗಿ ಮದುವೆಗೆ ಪರ್ಸನಲ್ ಲೋನ್ ತೆಗೆದಿದ್ದಾರೆ, ಅದು ಇನ್ನೂ ನಡೆಯುತ್ತಿದೆ. ಸಾಲ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ, ಅಣ್ಣನಾದವನು ತಂಗಿ ಮದುವೆಗೆ ನಿಲ್ಲದೆ ಇನ್ಯಾರು ನಿಲ್ಲುತ್ತಾರೆ? ಆದರೆ ಕೇಳಿದ ತಕ್ಷಣ ಅವರ ಮುಖವೇ ಬದಲಾಯಿತು. "ನಿನಗೇನು ಕಡಿಮೆ ಮಾಡಿದ್ದೇನೆ?" ಅಂದರು. ಆ ರಾತ್ರಿ ಊಟ ಮಾಡಲಿಲ್ಲ. ಕಡಿಮೆ ಆಯ್ತು ಅಂತ ನಾನು ಹೇಳಿರಲೇ ಇಲ್ಲ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಯಾರು ಎಷ್ಟು ಕೊಟ್ಟರು ಅನ್ನುವುದು ವರ್ಷಗಟ್ಟಲೆ ಆದಮೇಲೂ ಸಿಗುತ್ತದೆ, ಅದನ್ನು ನೋಡಿಯೇ ಅವರ ಮನೆ ಮದುವೆಗೆ ತಿರುಗಿ ಹಾಕುತ್ತೇವೆ. ಊರವರ ಲೆಕ್ಕ ಇಷ್ಟು ಚೆನ್ನಾಗಿ ಇಡುತ್ತೇವೆ. ಒಂದೇ ಹಾಸಿಗೆಯಲ್ಲಿ ಮಲಗುವವರ ಲೆಕ್ಕ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ.

ಇನ್ನೊಂದು ವಿಷಯ ಇದೆ. ಅಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದರು. 2016ರ ನವೆಂಬರ್‌ನಲ್ಲಿ 500, 1000ದ ನೋಟು ರದ್ದಾದಾಗ ಅದನ್ನು ಹೊರಗೆ ತೆಗೆಯಲೇಬೇಕಾಯಿತು, ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಬೇಕಿತ್ತಲ್ಲ. ಅಮ್ಮನ ಹೆಸರಲ್ಲಿ ಖಾತೆ ಇರಲಿಲ್ಲ. ಅಪ್ಪನ ಕೈಗೇ ಕೊಟ್ಟರು. ಅಪ್ಪ ಬೈಯಲಿಲ್ಲ, "ಇಷ್ಟು ವರ್ಷ ನನ್ನನ್ನು ನಂಬಲಿಲ್ವಾ" ಅಂತ ಒಂದೇ ಮಾತು ಕೇಳಿದರು. ಅಮ್ಮ ಸುಮ್ಮನಿದ್ದರು. ಅದೇ ಡಬ್ಬಿಯಿಂದ ನನ್ನ ಕಾಲೇಜು ಫೀಸು ಕಟ್ಟಿದ್ದು ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಹೆಸರಲ್ಲೂ ಒಂದು ಆರ್‌ಡಿ ಇದೆ, ತಿಂಗಳು ತಿಂಗಳು ಕಟ್ಟುವ ಠೇವಣಿ, ಅವರಿಗೆ ಗೊತ್ತಿಲ್ಲ. ಅದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅವರ ಸಾಲದ ಬಗ್ಗೆ ಕೇಳುವಾಗ ಅದು ನೆನಪಾಗುತ್ತದೆ.

ಅವರಿಗೆ ತಪ್ಪು ಹೊರಿಸಿದ ಹಾಗೆ ಆಗದೆ ಈ ಮಾತು ಶುರುಮಾಡುವುದು ಹೇಗೆ? ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದ್ದೀರಿ, ದಯವಿಟ್ಟು ಹೇಳಿ.

ರಾಜಾಜಿನಗರ ರವಿಕಿರಣ:

ಇಬ್ಬರ ಸಂಬಳವೂ ಒಂದೇ ಜಂಟಿ ಖಾತೆಗೆ ಬರುವ ಹಾಗೆ ಮಾಡಿ. ಎಲ್ಲ ಕಣ್ಣ ಮುಂದೆ ಇರುತ್ತದೆ. ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಗದಗಿನ ಅಕ್ಕ:

ರವಿಕಿರಣ್ ಅವರೇ, ಖಾತೆ ಒಂದಾದರೆ ಮಾತು ಒಂದಾಗುವುದಿಲ್ಲ. ನನ್ನ ಓರಗಿತ್ತಿಯದು ಜಂಟಿ ಖಾತೆಯೇ. ಎಟಿಎಂ ಕಾರ್ಡು ಮಾತ್ರ ಭಾವನ ಜೇಬಿನಲ್ಲಿರುತ್ತದೆ.

ತಂಗಿ, ಮೊದಲು ಆರ್‌ಡಿ ವಿಷಯ ಹೇಳುತ್ತೇನೆ. ಅದನ್ನು ಮುರಿಸಬೇಡ. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ, ಸೀರೆ ಮಡಿಕೆಯಲ್ಲಿ ದುಡ್ಡು ಇಟ್ಟರು, ಯಾಕೆಂದರೆ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ನಾಲ್ಕು ಕಾಸು ಅವರಿಗೆ ಬೇರೆಲ್ಲೂ ಇರಲಿಲ್ಲ. ತವರಿಗೆ ಹೋಗುವ ಬಸ್ ಚಾರ್ಜಿಗೂ ಕೈ ಚಾಚಬೇಕಿತ್ತು. ನೋಟು ರದ್ದಾದ ದಿನಗಳಲ್ಲಿ ನಮ್ಮ ಓಣಿಯಲ್ಲಿ ಹೆಂಗಸರು ಅತ್ತಿದ್ದನ್ನು ನಾನು ನೋಡಿದ್ದೇನೆ. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ಪ್ರಶ್ನೆ ಮಾಡುವುದಿಲ್ಲ ಅಂತ ಸರ್ಕಾರ ಹೇಳಿತ್ತು. ಆದರೆ ಅವರು ಹೆದರಿದ್ದು ತೆರಿಗೆಯವರಿಗಲ್ಲ, ಮನೆಯವರ ಪ್ರಶ್ನೆಗೆ. ಆ ದುಡ್ಡು ಒಂದು ಸಲ ಎಲ್ಲರಿಗೂ ಗೊತ್ತಾದ ಮೇಲೆ ಮತ್ತೆ ಅವರದಾಗಿ ಉಳಿಯಲಿಲ್ಲ.

ನಾನು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. 2000ದಲ್ಲಿ ಈ ಯೋಜನೆ ಶುರುವಾದಾಗಿನ ಸದಸ್ಯರು ಕೆಲವರು ಇನ್ನೂ ಇದ್ದಾರೆ. ವಾರಕ್ಕೊಮ್ಮೆ ಕೂರುತ್ತೇವೆ. ಯಾರು ಎಷ್ಟು ಉಳಿತಾಯ ಕಟ್ಟಿದರು, ಯಾರ ಸಾಲ ಎಷ್ಟು ಬಾಕಿ, ಯಾರ ಕಂತು ತಪ್ಪಿತು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತೇವೆ. ಕಟ್ಟದವಳು ಎದ್ದು ಕಾರಣ ಹೇಳುತ್ತಾಳೆ, ಉಳಿದವರು ಕೇಳುತ್ತಾರೆ, ಒಮ್ಮೊಮ್ಮೆ ಯಾರೋ ಒಬ್ಬರು ಈ ವಾರದ್ದು ನಾನು ಕೊಡುತ್ತೇನೆ ಅನ್ನುತ್ತಾರೆ. ಮನೆಯಲ್ಲಿ ಗಂಡನ ಮುಂದೆ ಹತ್ತು ರೂಪಾಯಿ ಲೆಕ್ಕ ಹೇಳಲು ಹೆದರುವ ಹೆಂಗಸು ಇಲ್ಲಿ ಹತ್ತು ಸಾವಿರದ ಸಾಲ ಯಾಕೆ ಬೇಕು ಅಂತ ಧೈರ್ಯವಾಗಿ ಹೇಳುತ್ತಾಳೆ.

ಇದು ಹೇಗೆ ಅಂತ ತುಂಬಾ ಯೋಚಿಸಿದ್ದೇನೆ. ಸಂಘದಲ್ಲಿ ದಿನ ಗೊತ್ತು, ಹೊತ್ತು ಗೊತ್ತು, ಪುಸ್ತಕ ನಡುವೆ ಇರುತ್ತದೆ, ಪ್ರತಿಯೊಬ್ಬರೂ ತಮ್ಮ ಲೆಕ್ಕ ಹೇಳಲೇಬೇಕು. ಮನೆಯಲ್ಲಿ ಏನಾದರೂ ಕೆಟ್ಟಾಗ ಮಾತ್ರ ದುಡ್ಡಿನ ಮಾತು ಏಳುತ್ತದೆ, ಆಗ ಒಬ್ಬರು ಕೇಳುವವರು, ಇನ್ನೊಬ್ಬರು ಕಟಕಟೆಯಲ್ಲಿ ನಿಂತವರು. ಅದಕ್ಕೇ ಹೇಳುವುದು, ನೀನು ಕೇಳುವುದನ್ನು ಬಿಟ್ಟು ನಿನ್ನ ಲೆಕ್ಕ ಮೊದಲು ಹೇಳು. ನನ್ನ ಸಂಬಳ ಇಷ್ಟು, ಇಷ್ಟು ಉಳಿಯುತ್ತದೆ, ಈ ಹೆಸರಲ್ಲಿ ಒಂದು ಆರ್‌ಡಿ ಇದೆ, ಅದು ನನ್ನ ಹೆಸರಲ್ಲೇ ಇರಲಿ ಅಂತ ನನ್ನಾಸೆ. ಯಾಕೆ ಅಂತಲೂ ಹೇಳು, ಅಮ್ಮನ ಕಥೆ ಹೇಳು. ಅವರಿಗೆ ಅದೆಲ್ಲ ಗೊತ್ತಿದೆಯಾ?

ಗೃಹಲಕ್ಷ್ಮಿ ಬಗ್ಗೆಯೂ ಒಂದು ಮಾತು. 2023ರ ಆಗಸ್ಟ್‌ನಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಅಂತ ಆಯಿತಲ್ಲ, ಅದರಿಂದ ಒಂದು ಹೊಸ ವಿಷಯ ನೋಡಿದೆ. ಹೆಂಗಸಿನ ಕೈಗೆ ಎಷ್ಟು ಬರುತ್ತದೆ ಅನ್ನುವುದು ಮನೆಯ ಎಲ್ಲರಿಗೂ ಗೊತ್ತು. ಕೆಲವು ಮನೆಗಳಲ್ಲಿ ಅದರಿಂದ ಜಗಳ ಆಗಿದೆ. ಇನ್ನು ಕೆಲವು ಮನೆಗಳಲ್ಲಿ ಅತ್ತೆ ಸೊಸೆ ಕೂತು, ಈ ತಿಂಗಳು ಇದರಲ್ಲಿ ಏನು ಮಾಡೋಣ ಅಂತ ಮೊದಲ ಸಲ ಮಾತಾಡಿದ್ದಾರೆ.

ಅರಕಲಗೂಡು ಕಡೆಯವನು:

ನಿಮ್ಮ ಗಂಡನ ಪರವಾಗಿ ಮಾತಾಡುತ್ತೇನೆ. ಅವರ ಮನೆ ಕಥೆ ನನಗೆ ಗೊತ್ತಿಲ್ಲ, ನನ್ನದು ಹೇಳಬಲ್ಲೆ.

ನಮ್ಮದು ಶುಂಠಿ ಬೆಳೆಯುತ್ತಿದ್ದ ಮನೆ. ಸ್ವಂತದ್ದು ಸಾಲದು ಅಂತ ಅಪ್ಪ ಗುತ್ತಿಗೆಗೆ ಜಮೀನು ಹಿಡಿಯುತ್ತಿದ್ದರು. ಶುಂಠಿ ಗೊತ್ತಿರುವವರಿಗೆ ಗೊತ್ತು, ಬಿತ್ತನೆಗೇ ಕೈ ತುಂಬಾ ದುಡ್ಡು ಬೇಕು, ಮಳೆ ಜಾಸ್ತಿಯಾದರೆ ಕೊಳೆ ರೋಗ, ಎಲ್ಲ ಸರಿಯಾಗಿ ಬಂದರೆ 60 ಕೆಜಿ ಮೂಟೆಯ ರೇಟು ಪಾತಾಳದಲ್ಲಿ. ಒಂದು ವರ್ಷ ಬಂದ ದುಡ್ಡಿಗೆ ಮನೆಗೆ ತಾರಸಿ ಹಾಕಿಸಿದರು, ಮುಂದಿನ ವರ್ಷಗಳಲ್ಲಿ ನೂರಕ್ಕೆ ತಿಂಗಳಿಗೆ ಮೂರರಂತೆ ಕೈಸಾಲ ತಂದರು. ಸಾಲ ಕೊಟ್ಟವರು ಅಂಗಳಕ್ಕೆ ಬಂದಾಗ ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದರು, "ಅಪ್ಪ ಮನೇಲಿಲ್ಲ" ಅಂತ ಹೇಳಲು. ಅಪ್ಪ ಒಳಗೆ ಇರುತ್ತಿದ್ದರು. ಸಾಲ ಕೊಟ್ಟವರು ಬೈದಿದ್ದು ಕಡಿಮೆ. ಕೂತು, ನೀರು ಕೇಳಿ, "ಎಷ್ಟು ಇಟ್ಟಿದ್ದಾನಂತೆ ನಿಮ್ಮಪ್ಪ?" ಅನ್ನುತ್ತಿದ್ದರು.

ಮದುವೆಯಾದ ಮೇಲೆ ನನ್ನ ಹೆಂಡತಿ ಒಂದು ದಿನ ಸುಮ್ನೆ, ಯಾವ ಅರ್ಥವೂ ಇಲ್ಲದೆ, "ಅಕೌಂಟಲ್ಲಿ ಎಷ್ಟಿದೆ?" ಅಂತ ಕೇಳಿದಳು. ನನ್ನ ಕೈ ತಣ್ಣಗಾಯಿತು. ಖಾತೆಯಲ್ಲಿ ದುಡ್ಡು ಇತ್ತು, ಸಾಲವೂ ಇರಲಿಲ್ಲ, ಆದರೂ ಯಾರೋ ಅಂಗಳದಲ್ಲಿ ನಿಂತು ಕೇಳಿದ ಹಾಗೆ ಆಯಿತು. ಗಂಡಸರು ಅಹಂಕಾರದಿಂದ ಸಂಬಳ ಹೇಳುವುದಿಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಕೆಲವರ ವಿಷಯದಲ್ಲಿ ನಿಜವಿರಬಹುದು. ತುಂಬಾ ಜನಕ್ಕೆ ಅದು ಭಯ. ಮನೆ ನಡೆಸಲಾಗದವನು ಅನ್ನಿಸಿಕೊಳ್ಳುವ ಭಯ. "ನಿನಗೇನು ಕಡಿಮೆ ಮಾಡಿದ್ದೇನೆ" ಅನ್ನುವ ಮಾತಿನೊಳಗೆ "ನಾನು ಕೈಲಾಗದವನಾದೆನಾ" ಅನ್ನುವ ಪ್ರಶ್ನೆ ಇದೆ ಅಂತ ನನಗೆ ಅನ್ನಿಸುತ್ತದೆ.

ಎಷ್ಟು ಅನ್ನುವ ಪದದಿಂದ ಶುರುಮಾಡಬೇಡಿ. ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಶಾಲೆ ಫೀಸು ಯಾರು ಕೊಡುತ್ತಿದ್ದರು, ಹಬ್ಬಕ್ಕೆ ಬಟ್ಟೆ ತರದ ವರ್ಷ ಇತ್ತಾ, ಅಪ್ಪನಿಗೆ ಸಾಲ ಇತ್ತಾ, ಹೀಗೆ ಕೇಳಿ. ನನ್ನ ಹೆಂಡತಿ ಕೊನೆಗೆ ಮಾಡಿದ್ದು ಅದೇ. ಅಂಗಳದ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದೆ, ಬಸ್ಸಿನಲ್ಲಿ ಊರಿಗೆ ಹೋಗುವಾಗ. ಎದುರುಬದುರು ಕೂತಿದ್ದರೆ ಹೇಳುತ್ತಿರಲಿಲ್ಲ ಅನ್ನಿಸುತ್ತದೆ. ಪಾಸ್‌ಬುಕ್ಕು ತೋರಿಸಿದ್ದು ಅದಾದ ಎಷ್ಟೋ ತಿಂಗಳ ಮೇಲೆ.

ಸಾಲದ ಚಿಂತೆಯಲ್ಲಿ ನಿದ್ದೆ, ಊಟ ಬಿಟ್ಟವರು ಇದನ್ನು ಓದುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ, ನಿಮ್ಹಾನ್ಸ್ ಅದರ ಹಿಂದೆ ಇದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮಪ್ಪನ ಕಾಲಕ್ಕೆ ಅಂಥದ್ದೊಂದು ಇದ್ದಿದ್ದರೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ನಿವೃತ್ತ ಬ್ಯಾಂಕ್ ನೌಕರ:

ಮೇಲಿನ ಇಬ್ಬರೂ ಮನಸ್ಸಿನ ವಿಷಯ ಚೆನ್ನಾಗಿ ಹೇಳಿದ್ದಾರೆ. ಮಾತಾಡದೆ ಹೋದರೆ ಏನಾಗುತ್ತದೆ ಅನ್ನುವುದನ್ನು ನಾನು ಕೌಂಟರ್ ಆಚೆ ಕೂತು ನೋಡಿದ್ದೇನೆ.

ಗಂಡ ತೀರಿಕೊಂಡ ಮೇಲೆ ಹೆಂಡತಿ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ಸಿಕ್ಕಿದ ಕಾಗದಗಳೆಲ್ಲ. ಜೊತೆಗೆ ಮೈದುನನೋ, ಮಗನೋ. "ಇವರಿಗೆ ಇಲ್ಲಿ ಏನಾದರೂ ಇತ್ತಾ ಸಾರ್?" ಅಂತ ಕೇಳುತ್ತಾರೆ. ಜೀವನಪೂರ್ತಿ ಜೊತೆಗಿದ್ದವರು ಹೀಗೆ ಕೇಳುವುದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ಕೆಲವು ಸಲ ಠೇವಣಿ ಇರುತ್ತದೆ, ನಾಮಿನಿ ಇರುವುದಿಲ್ಲ. ಪಿಎಫ್‌ಗೆ ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ಆಮೇಲೆ ಮರೆತಿರುತ್ತಾರೆ. ಎಲ್ಲಕ್ಕಿಂತ ಕಷ್ಟ ಜಾಮೀನು. ಗೆಳೆಯನ ಸಾಲಕ್ಕೆ ಸಹಿ ಹಾಕಿರುತ್ತಾರೆ, ಮನೆಯಲ್ಲಿ ಹೇಳಿರುವುದಿಲ್ಲ, ಸುಮ್ನೆ ಒಂದು ಸಹಿ ತಾನೇ ಅಂದುಕೊಂಡಿರುತ್ತಾರೆ. 1872ರ ಕರಾರು ಕಾಯ್ದೆ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ, ಒಪ್ಪಂದದಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಬೇರೆ. ಆದ್ದರಿಂದ, ತಂಗೀ, ಸಾಲ ಎಷ್ಟು ಅನ್ನುವುದರ ಜೊತೆಗೆ ಯಾರಿಗಾದರೂ ಜಾಮೀನು ನಿಂತಿದ್ದಾರಾ ಅಂತಲೂ ನಿಧಾನವಾಗಿ ತಿಳಿದುಕೊಳ್ಳಿ.

ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದರೂ ವಾರಸುದಾರರು ಕೇಳಿ ಪಡೆಯಬಹುದು. ಅಂಥ ಖಾತೆಗಳನ್ನು ಹುಡುಕಲು 2023ರಲ್ಲಿ ಉದ್ಗಮ್ ಅನ್ನುವ ಪೋರ್ಟಲ್ ಬಂದಿದೆ. ತಂದೆ ತಾಯಿ ಹೆಸರು ಹಾಕಿ ಒಮ್ಮೆ ನೋಡಿ. ಅಲ್ಲಿ ಬಿದ್ದಿರುವ ದುಡ್ಡೆಲ್ಲ ಯಾರೋ ಕಷ್ಟಪಟ್ಟು ಉಳಿಸಿದ್ದು, ಮನೆಯವರಿಗೆ ಹೇಳದೆ ಹೋದದ್ದು ಅದರಲ್ಲಿ ಎಷ್ಟೋ ಇರುತ್ತದೆ.

ಮಸ್ಕತ್ ಮಂಜುನಾಥ:

ಒಂದು ಮಾತು ಸೇರಿಸುತ್ತೇನೆ. ಗಂಡ ಹೆಂಡತಿ ಅಲ್ಲದೆ ಅಣ್ಣತಮ್ಮಂದಿರ ಮಧ್ಯೆಯೂ ಇದೇ ಕಥೆ. ಗಲ್ಫ್‌ನಲ್ಲಿ ಇರುವವನ ಹತ್ತಿರ ದುಡ್ಡು ಇದ್ದೇ ಇರುತ್ತದೆ ಅಂತ ಊರಲ್ಲಿ ಎಲ್ಲರೂ ನಂಬಿದ್ದಾರೆ. ಇಲ್ಲಿ ರೂಮಿಗೆ ಎಷ್ಟು, ಊಟಕ್ಕೆ ಎಷ್ಟು, ವೀಸಾಗೆ ಏಜೆಂಟಿಗೆ ಕೊಟ್ಟ ಸಾಲ ಎಷ್ಟು ಅಂತ ಯಾರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ, ಹೇಳಿದರೆ ಮರ್ಯಾದೆ ಹೋಗುತ್ತದೆ ಅಂತ. ರಜಕ್ಕೆ ಹೋಗುವಾಗ ಸಾಲ ಮಾಡಿ ಚಾಕೊಲೇಟು, ಸೆಂಟು ತೆಗೆದುಕೊಂಡು ಹೋಗುವವರನ್ನು ನೋಡಿದ್ದೇನೆ. ಮನೆಯಿಂದ ಫೋನ್ ಬಂದರೆ ಎತ್ತಲು ಹೆದರುತ್ತಾರೆ, ಪ್ರೀತಿ ಇಲ್ಲದೆ ಅಲ್ಲ.

ನಾನು ಅಣ್ಣ, ಅಕ್ಕ ಇಬ್ಬರನ್ನೂ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು ಸಂಬಳದ ಚೀಟಿಯನ್ನೇ ತೋರಿಸಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ "ನೀನು ಊಟ ಸರಿಯಾಗಿ ಮಾಡ್ತೀಯಾ?" ಅಂತ ಕೇಳಿದಳು. ಅಣ್ಣನಿಗೆ ಕೋಪ ಬಂತು, ಅದು ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಅಮ್ಮನ ಔಷಧಿ ಖರ್ಚು ಈಗ ಮೂವರೂ ಹಂಚಿಕೊಂಡಿದ್ದೇವೆ. ನಿಮ್ಮ ಗಂಡನ ತಂಗಿಗೆ ತನ್ನ ಮದುವೆ ಸಾಲ ಇನ್ನೂ ನಡೆಯುತ್ತಿದೆ ಅಂತ ಗೊತ್ತಿದೆಯಾ? ಗೊತ್ತಿರಲಿಕ್ಕಿಲ್ಲ. ಆ ಹುಡುಗಿಗೂ ಗೊತ್ತಾಗಬೇಕು ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದನ್ನು ಹೇಳಬೇಕಾದವರು ಅವಳ ಅಣ್ಣ, ನೀವಲ್ಲ.

ದಾವಣಗೆರೆ ವಕೀಲೆ:

ಎಲ್ಲರ ಮಾತೂ ಒಳ್ಳೆಯದಿದೆ. ಆದರೆ ಇದನ್ನು ಓದುವ ಎಲ್ಲ ಹೆಂಗಸರ ಮನೆಯೂ ತಿಪಟೂರು ಹುಡುಗಿಯ ಮನೆಯ ಥರ ಇರುವುದಿಲ್ಲ. ಗಂಡ ಕುಡಿಯುತ್ತಾನೆ, ಜೂಜಾಡುತ್ತಾನೆ, ಆನ್‌ಲೈನ್ ಆಟದಲ್ಲಿ ಕಳೆಯುತ್ತಾನೆ, ಕೈ ಎತ್ತುತ್ತಾನೆ ಅಂತಾದರೆ ನಿಮ್ಮ ಉಳಿತಾಯದ ವಿಷಯ ಹೇಳಲೇಬೇಡಿ. ಮೊದಲು ಮನುಷ್ಯನ ಮೇಲೆ ಭರವಸೆ ಇರಬೇಕು, ಬಿಚ್ಚಿ ಮಾತಾಡುವುದು ಆಮೇಲೆ. ಸಂಬಳ ಕಸಿದುಕೊಳ್ಳುವುದು, ಮನೆ ಖರ್ಚಿಗೆ ಕೊಡದೆ ಇರುವುದು, ಒಡವೆ ಮಾರುವುದು, ಇವೆಲ್ಲ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ. ಹೊಡೆದರೆ ಮಾತ್ರ ದೌರ್ಜನ್ಯ ಅಂತ ತಿಳಿದವರು ಜಾಸ್ತಿ. ಮದುವೆಯಲ್ಲಿ ಹೆಣ್ಣಿಗೆ ಅಂತ ಕೊಟ್ಟ ಒಡವೆ, ಉಡುಗೊರೆ ಸ್ತ್ರೀಧನ, ಅದು ಅವಳದೇ ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ.

ತವರಿನ ವಿಷಯಕ್ಕೂ ನಾಚಿಕೆ ಬಿಡಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕು ಅಂತ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಆದರೂ ಹೆಣ್ಣುಮಕ್ಕಳು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುತ್ತಾರೆ. ಓದಿ ನೋಡಿ ಅಂದರೆ "ಬೇಡ ಮೇಡಂ, ಅಣ್ಣ ಬೇಜಾರು ಮಾಡಿಕೊಳ್ಳುತ್ತಾನೆ" ಅನ್ನುತ್ತಾರೆ. ಬಿಟ್ಟುಕೊಡುವುದು ಅವರ ಇಷ್ಟ, ನಾನು ಬೇಡ ಅನ್ನುವುದಿಲ್ಲ. ಎಷ್ಟು ಬಿಟ್ಟುಕೊಡುತ್ತಿದ್ದೇನೆ ಅಂತ ಕೇಳಲೂ ನಾಚುವುದನ್ನು ನೋಡಿದಾಗ ನನಗೆ ಸಂಕಟ ಆಗುತ್ತದೆ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಹೆದರಿಕೆ ಅದು, ಸುಳ್ಳು ಹೆದರಿಕೆಯೂ ಅಲ್ಲ.

ಅರಕಲಗೂಡಿನವರು ಅಂಗಳದ ಕಥೆ ಹೇಳಿದರು. ಮೈಕ್ರೋಫೈನಾನ್ಸ್‌ನವರು, ಲೇವಾದೇವಿಯವರು ಸಾಲ ವಸೂಲಿಗೆ ದಬ್ಬಾಳಿಕೆ ಮಾಡದಂತೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಮನೆ ಮುಂದೆ ಬಂದು ಹೆದರಿಸಿದರೆ ಪೊಲೀಸರಿಗೆ ದೂರು ಕೊಡಬಹುದು.

ತಿಪಟೂರು ಹುಡುಗಿ:

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಕಣ್ಣು ತುಂಬಿ ಬಂತು. ಅರಕಲಗೂಡಿನ ಅಣ್ಣ ಬರೆದಿದ್ದನ್ನು ಎರಡೆರಡು ಸಲ ಓದಿದೆ.

ಭಾನುವಾರ ಮಗಳು ಮಲಗಿದ ಮೇಲೆ ಬಟ್ಟೆ ಮಡಿಸುತ್ತಾ ಅಮ್ಮನ ಡಬ್ಬಿಯ ಕಥೆ ಹೇಳಿದೆ. ಆಮೇಲೆ ಆರ್‌ಡಿ ವಿಷಯ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ, "ಒಳ್ಳೇದಾಯ್ತು, ಅದು ನಿನ್ನ ಹೆಸರಲ್ಲೇ ಇರಲಿ" ಅಂದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಶುರುಮಾಡಿದರು. ಅವರು ಪಿಯುಸಿಯಲ್ಲಿದ್ದಾಗ ಫೀಸಿಗೆ ಅವರ ಅಮ್ಮನ ಓಲೆ ಅಡ ಇಟ್ಟಿದ್ದರಂತೆ, ಅದನ್ನು ಬಿಡಿಸಲು ಆಗಲಿಲ್ಲವಂತೆ. ತಂಗಿಗೆ ಒಡವೆ ಇಲ್ಲದೆ ಕಳಿಸಬಾರದು ಅಂತ ಆಗಲೇ ತೀರ್ಮಾನ ಮಾಡಿದ್ದರಂತೆ. ಅತ್ತೆಯ ಕಿವಿ ಬರಿದಾಗಿರುವುದನ್ನು ನಾನು ದಿನಾ ನೋಡುತ್ತೇನೆ. ಯಾಕೆ ಅಂತ ಗೊತ್ತಿರಲಿಲ್ಲ.

ಸಾಲ ಎಷ್ಟು ಅಂತ ಅವರೇ ಹೇಳಿದರು. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ನನಗೆ ಭಯ ಆಯಿತು, ಅದನ್ನು ಅವರಿಗೆ ಹೇಳಿದೆ ಕೂಡ. ಜಾಮೀನು ಒಂದಿದೆ, ಅವರ ಚಿಕ್ಕಪ್ಪನ ಮಗನಿಗೆ. ಅದರ ಬಗ್ಗೆ ಪೂರ್ತಿ ಮಾತಾಡಲು ಇನ್ನೂ ತಯಾರಿಲ್ಲ, ನಾನು ಒತ್ತಾಯ ಮಾಡಲಿಲ್ಲ. ಗದಗಿನ ಅಕ್ಕ ಹೇಳಿದ ಹಾಗೆ ತಿಂಗಳ ಮೊದಲ ಭಾನುವಾರ ಇಬ್ಬರೂ ಲೆಕ್ಕ ಹೇಳುವುದು ಅಂತ ಮಾತಾಗಿದೆ.

ಬ್ಯಾಂಕ್ ಸಾರ್, ಈ ಶನಿವಾರ ಇಬ್ಬರೂ ನಾಮಿನಿ ಮಾಡಿಸಲು ಹೋಗಬೇಕು ಅಂತಿದ್ದೇವೆ. ಏನೇನು ಬೇಕು?

ನಿವೃತ್ತ ಬ್ಯಾಂಕ್ ನೌಕರ:

ಎರಡನೇ, ನಾಲ್ಕನೇ ಶನಿವಾರ ಬ್ಯಾಂಕ್ ರಜೆ, ಕ್ಯಾಲೆಂಡರ್ ನೋಡಿಕೊಂಡು ಹೋಗಿ. ಠೇವಣಿ ಖಾತೆಗೆ ನಾಮಿನಿ ಹಾಕುವ ಫಾರಂ ಕೇಳಿ, ಉಳಿತಾಯ ಖಾತೆಗೂ ಆರ್‌ಡಿಗೂ ಬೇರೆ ಬೇರೆಯಾಗಿ ಆಗಿದೆಯಾ ಅಂತ ವಿಚಾರಿಸಿ, ಒಂದಕ್ಕೆ ಮಾಡಿದರೆ ಇನ್ನೊಂದಕ್ಕೆ ತಾನಾಗಿ ಆಗಿದೆ ಅಂದುಕೊಳ್ಳಬೇಡಿ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಪಾಸ್‌ಬುಕ್, ಇಬ್ಬರ ಆಧಾರ್, ಪ್ಯಾನ್ ಇಟ್ಟುಕೊಂಡಿರಿ. ಪಿಎಫ್‌ನದು ಬ್ಯಾಂಕಿನಲ್ಲಿ ಆಗುವುದಿಲ್ಲ, ಅದನ್ನು ಪಿಎಫ್ ವೆಬ್‌ಸೈಟಿನಲ್ಲೇ ಮಾಡಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಓಟಿಪಿ ಬರುತ್ತದೆ.

ನಾಮಿನಿ ಅಂದರೆ ದುಡ್ಡನ್ನು ಬ್ಯಾಂಕಿನಿಂದ ಪಡೆಯುವವರು, ಅಷ್ಟರಿಂದಲೇ ಮಾಲೀಕರಾಗುವುದಿಲ್ಲ, ವಾರಸುದಾರರ ಹಕ್ಕು ಹಾಗೇ ಇರುತ್ತದೆ. ವಕೀಲೆ ಮೇಡಂ ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಫಾರಂ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ, ಕೊಡದೆ ಕಳಿಸಿದರೆ ಅಲ್ಲೇ ನಿಂತು ಮತ್ತೆ ಕೇಳಿ. ಆಮೇಲೆ ಆ ಜಾಮೀನಿನ ಕಾಗದದ ಒಂದು ಪ್ರತಿ ಅವರ ಹತ್ತಿರ ಇಲ್ಲದಿದ್ದರೆ ಸಾಲ ಕೊಟ್ಟ ಶಾಖೆಯಲ್ಲಿ ಕೇಳಲು ಹೇಳಿ. ಕಂತು ಸರಿಯಾಗಿ ಬರುತ್ತಿದೆಯಾ ಅಂತ ವಿಚಾರಿಸಲು ಜಾಮೀನುದಾರ ಸಂಕೋಚ ಪಡಬೇಕಾಗಿಲ್ಲ.